ಸೋಲಿನ ಹೊರೆ ಹೊತ್ತ ಗುರು: ಪ್ರೊಫೆಸರ್ ಸತೀಶ್ ಧವನ್

ಮೂಡಲಗಿ ತಾಲೂಕಿನ ಕಲ್ಲೋಳಿಯ ಹೊಲಗಳಲ್ಲಿ ದಿನದ ಕೆಲಸ ಮುಗಿದು, ದನಕರುಗಳು ಕೊಟ್ಟಿಗೆಯನ್ನು ಸೇರಿ, ಪಡುವಣ ದಿಕ್ಕಿನ ಕೆಂಪು ಆರುತ್ತಿರುವ ಹೊತ್ತಿನಲ್ಲಿ ತಲೆಯೆತ್ತಿ ನೋಡಿದವರಿಗೆ ಒಮ್ಮೊಮ್ಮೆ ಒಂದು ವಿಶೇಷ ಕಾಣುವುದುಂಟು. ನಕ್ಷತ್ರದಂತಹ ಒಂದು ಬೆಳಕಿನ ಚುಕ್ಕೆಯು ಸದ್ದಿಲ್ಲದೆ, ತಡೆಯಿಲ್ಲದೆ, ಆಕಾಶದ ಒಂದು ಅಂಚಿನಿಂದ ಮತ್ತೊಂದು ಅಂಚಿನ ಕಡೆಗೆ ಕೆಲವೇ ನಿಮಿಷಗಳಲ್ಲಿ ಸರಿದುಹೋಗುತ್ತದೆ. ಅದು ನಕ್ಷತ್ರವಲ್ಲ, ಮನುಷ್ಯನು ತನ್ನ ಬುದ್ಧಿಬಲದಿಂದ ನಿರ್ಮಿಸಿ ಮೇಲಕ್ಕೆ ಕಳುಹಿಸಿದ ಕೃತಕ ಉಪಗ್ರಹ. ನೆಲದ ಮೇಲೆ ಕತ್ತಲೆ ಕವಿದಿದ್ದರೂ ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ಅದರ ಮೈಮೇಲೆ ಇನ್ನೂ ಬಿಸಿಲು ಬೀಳುತ್ತಿರುವುದರಿಂದ ಅದು ಹಾಗೆ ಬೆಳಗುತ್ತದೆ.

ಈ ಉಪಗ್ರಹಗಳಲ್ಲಿ ಎಲ್ಲವೂ ಒಂದೇ ಉದ್ದೇಶದವುಗಳಲ್ಲ. ಮಳೆಯ ಮುನ್ಸೂಚನೆ ಕೊಡುವವು, ದೂರವಾಣಿ ದೂರದರ್ಶನಗಳನ್ನು ನಡೆಸುವವು, ಬೆಳೆ ಹಾಗೂ ನೀರಿನ ಚಿತ್ರ ತೆಗೆಯುವವು ದೊಡ್ಡವು, ಜನರಿಗೆ ಪರಿಚಿತವಾದವು. ಇವುಗಳಿಗಿಂತ ಮೊದಲು ಹುಟ್ಟಿ, ಇವುಗಳಿಗೆ ದಾರಿ ಮಾಡಿಕೊಟ್ಟು, ಹೆಸರಿಲ್ಲದೆ ಸುಟ್ಟುಹೋಗುವ ಚಿಕ್ಕ ಉಪಗ್ರಹಗಳು ಕೆಲವುಂಟು. ಹೊಸ ಬೀಜವನ್ನು ಇಡೀ ಹೊಲಕ್ಕೆ ಬಿತ್ತುವ ಮುನ್ನ ಒಂದು ಮೂಲೆಯಲ್ಲಿ ಬಿತ್ತಿ ನೋಡುವುದು ಅನುಭವಿಯಾದ ಒಕ್ಕಲಿಗನ ಕ್ರಮವಷ್ಟೆ. ಆ ಮೂಲೆಯ ಬೆಳೆ ಕೆಟ್ಟರೂ ಒಕ್ಕಲಿಗನು ಕೆಡುವುದಿಲ್ಲ. ಅದರಿಂದ ಕಲಿತು ಉಳಿದ ಹೊಲವನ್ನು ಉಳಿಸಿಕೊಳ್ಳುತ್ತಾನೆ. ಹೊಸ ಯಂತ್ರ, ಹೊಸ ವಿಧಾನಗಳನ್ನು ಆಕಾಶದಲ್ಲಿಯೇ ಪರೀಕ್ಷಿಸಿ ನೋಡುವ ಚಿಕ್ಕ ಉಪಗ್ರಹಗಳು ಇಂತಹ ಮೂಲೆಯ ಬಿತ್ತನೆಯಿದ್ದಂತೆ. ಭಾರತದಲ್ಲಿ ಈ ಬಿತ್ತನೆಯ ಹೊಣೆಯನ್ನು ಹೊತ್ತು, ಮೂಲೆಯ ಬೆಳೆ ಕೆಟ್ಟಾಗ ಆಕ್ಷೇಪವನ್ನು ತಾವು ಸ್ವೀಕರಿಸಿ, ಫಲ ಬಂದಾಗ ಅದನ್ನು ಕಿರಿಯರ ಉಡಿಗೆ ಹಾಕಿದ ಮಹನೀಯರು ಪ್ರೊಫೆಸರ್ ಸತೀಶ್ ಧವನ್. ಹುಟ್ಟಿನಿಂದ ಅವರು ಕನ್ನಡಿಗರಲ್ಲ. ಆದರೆ ತಮ್ಮ ಬಾಳಿನ ಐವತ್ತು ವರ್ಷಗಳನ್ನು ಅವರು ಸವೆಸಿದ್ದು ಕನ್ನಡ ನೆಲದಲ್ಲಿ.

ಸತೀಶ್ ಧವನ್ ಅವರು 1920ರ ಸಪ್ಟೆಂಬರ್ 25ರಂದು ಕಾಶ್ಮೀರದ ಶ್ರೀನಗರದಲ್ಲಿ ಜನಿಸಿದರು. ಮನೆತನ ಪಂಜಾಬಿನದು, ತಂದೆಯವರು ಸರಕಾರದ ಉನ್ನತ ಅಧಿಕಾರಿಗಳು. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಅವರು ಪಡೆದ ಪದವಿಗಳ ವಿವರವನ್ನು ಕೇಳಿದವರು ಬೆರಗಾಗದಿರಲಾರರು. ಗಣಿತ ಮತ್ತು ಭೌತವಿಜ್ಞಾನಗಳಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಆಮೇಲೆ 1945ರಲ್ಲಿ ಯಂತ್ರಶಾಸ್ತ್ರದಲ್ಲಿ ಬಿ.ಇ.; ಹೀಗೆ ಮೂರು ಬೇರೆ ಬೇರೆ ದಿಕ್ಕಿನ ವಿದ್ಯೆಗಳು ಒಬ್ಬರಲ್ಲಿ ಕೂಡಿಬಂದವು. ಸಾಹಿತ್ಯವನ್ನು ಓದಿದವನು ಯಂತ್ರಕ್ಕೆ ಹೊರಗಿನವನು, ಯಂತ್ರವನ್ನು ಬಲ್ಲವನು ಸಾಹಿತ್ಯಕ್ಕೆ ಹೊರಗಿನವನು ಎಂಬ ತಪ್ಪು ತಿಳಿವಳಿಕೆಗೆ ಅವರ ವಿದ್ಯಾರ್ಥಿಜೀವನವೇ ಉತ್ತರವಾಗಿದೆ.

ಪದವಿ ಮುಗಿದ ಮೇಲೆ ಕೆಲಕಾಲ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಅವರು ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳಿದರು. 1947ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಿಂದ ಎಂ.ಎಸ್. ಪದವಿ ಬಂದಿತು. ಅನಂತರ ಕ್ಯಾಲಿಫೋರ್ನಿಯಾ ತಂತ್ರವಿಜ್ಞಾನ ಸಂಸ್ಥೆಯನ್ನು ಸೇರಿ, ಹನ್ಸ್ ಲೀಪ್‌ಮನ್ ಎಂಬ ಪ್ರಸಿದ್ಧ ವಿಜ್ಞಾನಿಯ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ 1951ರಲ್ಲಿ ಡಾಕ್ಟರೇಟ್ ಪಡೆದರು. ಶಬ್ದದ ವೇಗವನ್ನು ಮೀರಿ ಸಾಗುವ ವಸ್ತುವಿನ ಸುತ್ತ ಗಾಳಿಯು ಹೇಗೆ ವರ್ತಿಸುತ್ತದೆ ಎಂಬಂತಹ ಸೂಕ್ಷ್ಮ ಪ್ರಶ್ನೆಗಳು ಅವರ ಅಧ್ಯಯನದ ವಿಷಯವಾಗಿದ್ದವು. ಅಲ್ಲಿಯೇ ನೆಲೆ ನಿಲ್ಲುವ ಯೋಗ್ಯತೆ ಅವರಿಗೆ ಪೂರ್ಣವಾಗಿ ಇತ್ತು. ಆದರೆ ಅದೇ 1951ರಲ್ಲಿ ಅವರು ಬೆಂಗಳೂರಿಗೆ ಮರಳಿ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು.

ಅಲ್ಲಿ ಅವರು ಮೊದಲು ಕೈಗೊಂಡ ಕಾರ್ಯಗಳಲ್ಲಿ ಮುಖ್ಯವಾದುದು ಗಾಳಿಸುರಂಗದ ನಿರ್ಮಾಣ. ವಿಮಾನ ಅಥವಾ ರಾಕೆಟ್ಟಿನ ಚಿಕ್ಕ ಮಾದರಿಯನ್ನು ಒಂದು ಕೊಳವೆಯೊಳಗೆ ನಿಲ್ಲಿಸಿ, ಅದರ ಮೇಲೆ ಅತಿ ವೇಗದ ಗಾಳಿಯನ್ನು ಹಾಯಿಸಿ, ಅದಕ್ಕೆ ಒದಗುವ ಒತ್ತಡಗಳನ್ನು ಅಳೆಯುವ ಸಾಧನವೇ ಗಾಳಿಸುರಂಗ. ಶಬ್ದಾತೀತ ವೇಗದ ಗಾಳಿಸುರಂಗವನ್ನು ಅವರು ಅಲ್ಪ ಖರ್ಚಿನಲ್ಲಿ, ದೊರೆತ ಸಾಮಗ್ರಿಗಳಿಂದ, ತಮ್ಮ ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು ಕಟ್ಟಿದರು. ದೊಡ್ಡದನ್ನು ಹಾರಿಸುವ ಮೊದಲು ಚಿಕ್ಕದನ್ನು ಪರೀಕ್ಷಿಸಬೇಕು ಎಂಬ ನಿಯಮವು ಅಲ್ಲಿಯೇ ಅವರ ಸ್ವಭಾವದಲ್ಲಿ ಬೇರೂರಿತೆನ್ನಬಹುದು. ಕನ್ನಡ ನಾಡಿನ ಹಿರಿಯ ವಿಜ್ಞಾನಿ ರೊದ್ದಂ ನರಸಿಂಹ ಅವರು ಈ ಪ್ರಯೋಗಶಾಲೆಯಲ್ಲಿ ಧವನ್ ಅವರಿಂದ ವಿದ್ಯೆ ಕಲಿತ ಶಿಷ್ಯರಲ್ಲಿ ಒಬ್ಬರು. 1955ರಲ್ಲಿ ವಿಭಾಗದ ಮುಖ್ಯಸ್ಥರಾದ ಧವನ್ ಅವರು 1962ರಲ್ಲಿ ಇಡೀ ಸಂಸ್ಥೆಯ ನಿರ್ದೇಶಕರಾದರು. ಆಗ ಅವರಿಗೆ ವಯಸ್ಸು ನಲವತ್ತೊಂದು. 1981ರವರೆಗೆ ಆ ಸ್ಥಾನದಲ್ಲಿದ್ದು ಸಂಸ್ಥೆಯನ್ನು ಬೆಳೆಸಿದರು.

ಇಷ್ಟರಲ್ಲಿ ದೇಶದ ಬಾಹ್ಯಾಕಾಶ ಕಾರ್ಯಕ್ಕೆ ಒಂದು ದೊಡ್ಡ ಆಘಾತ ಒದಗಿತು. ಅದರ ಜನಕರೆನಿಸಿದ ಡಾಕ್ಟರ್ ವಿಕ್ರಮ್ ಸಾರಾಭಾಯಿಯವರು 1971ರ ಡಿಸೆಂಬರ್ 30ರಂದು ಕೇರಳದ ಕೋವಳಂನಲ್ಲಿ ಹಠಾತ್ತಾಗಿ ನಿಧನರಾದರು. ಅವರಿಗೆ ಕೇವಲ ಐವತ್ತೆರಡು ವರ್ಷ. ಕಂಡ ಕನಸುಗಳು ಬಹಳ. ಕೈಗೂಡಿದವು ಇನ್ನೂ ಸ್ವಲ್ಪವೇ. ಆಗ ಧವನ್ ಅವರು ರಜೆಯ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಅಧ್ಯಾಪನ ನಡೆಸಿದ್ದರು. ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರಿಂದ ಅವರಿಗೆ ಕರೆ ಬಂದಿತು. ಧವನ್ ಅವರು ಹೊಣೆಯನ್ನು ಒಪ್ಪಿಕೊಂಡರಾದರೂ ಎರಡು ಮಾತುಗಳನ್ನು ಮೊದಲೇ ಇತ್ಯರ್ಥ ಮಾಡಿಕೊಂಡರು. ಬಾಹ್ಯಾಕಾಶ ಕಾರ್ಯದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ವಿಜ್ಞಾನ ಸಂಸ್ಥೆಯ ನಿರ್ದೇಶಕತ್ವವನ್ನು ತಾವು ಬಿಡುವಂತಾಗಬಾರದು. ಎರಡೂ ಒಪ್ಪಿಗೆಯಾದವು. ಅವರು ಮರಳಿ ಬರುವವರೆಗೆ ಪ್ರೊಫೆಸರ್ ಎಂ.ಜಿ.ಕೆ. ಮೆನನ್ ಅವರು ಕೆಲವು ತಿಂಗಳು ಕಾರ್ಯವನ್ನು ನೋಡಿಕೊಂಡರು. 1972ರ ಸಪ್ಟೆಂಬರಿನಲ್ಲಿ ಧವನ್ ಅವರು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ, ಅಂದರೆ ಇಸ್ರೋದ, ಅಧ್ಯಕ್ಷರಾದರು. ಬೆಂಗಳೂರು ಭಾರತದ ಬಾಹ್ಯಾಕಾಶ ರಾಜಧಾನಿಯಾದುದರ ಹಿಂದೆ ಈ ನಿರ್ಧಾರವಿದೆ ಎಂಬುದನ್ನು ಕನ್ನಡಿಗರು ಮರೆಯಬಾರದು.

ಅಂದಿನ ಸನ್ನಿವೇಶ ಸುಲಭವಾದುದಾಗಿರಲಿಲ್ಲ. ಬರಗಾಲ, ಆಹಾರದ ಅಭಾವ, ಯುದ್ಧದ ಸಾಲದ ಹೊರೆಗಳಿಂದ ಬಳಲಿದ ದೇಶಕ್ಕೆ ಆಕಾಶದ ಗೊಡವೆ ಏತಕ್ಕೆಂದು ಕೇಳುವವರು ಅನೇಕರಿದ್ದರು. ಆ ಪ್ರಶ್ನೆ ಅನ್ಯಾಯವಾದುದೂ ಆಗಿರಲಿಲ್ಲ. ಅದಕ್ಕೆ ಉತ್ತರವು ಕಲ್ಲೋಳಿಯ ಸೀಮೆಗೆ ಬಹು ಸಮೀಪದಲ್ಲಿಯೇ ದೊರೆಯಿತು. 1975ರ ಆಗಸ್ಟ್ 1ರಿಂದ ಒಂದು ವರ್ಷದ ಕಾಲ ಅಮೆರಿಕದ ಪ್ರಾಯೋಗಿಕ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದವು. ಕರ್ನಾಟಕದಲ್ಲಿ ಇದಕ್ಕಾಗಿ ಆಯ್ದುಕೊಂಡದ್ದು ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳನ್ನು. ಗೋಕಾಕದ ಸೀಮೆಯನ್ನು ದಾಟಿ ಘಟಪ್ರಭೆ ಹರಿದು ಸೇರುವ ಮುಧೋಳ, ಬಾಗಲಕೋಟೆಗಳೂ ಆಗ ಬಿಜಾಪುರ ಜಿಲ್ಲೆಯಲ್ಲಿಯೇ ಇದ್ದವು. ರಸ್ತೆಯೇ ಸರಿಯಾಗಿ ಮುಟ್ಟದ ಊರಿಗೂ ಆಕಾಶದ ದಾರಿಯಿಂದ ಒಕ್ಕಲುತನದ ಹಾಗೂ ಆರೋಗ್ಯದ ತಿಳಿವಳಿಕೆ ಮುಟ್ಟಬಲ್ಲುದು ಎಂಬುದು ಇದರಿಂದ ಸಿದ್ಧವಾಯಿತು. ಆದರೆ ಆ ಉಪಗ್ರಹ ಪರರದು. ವರ್ಷ ಮುಗಿದ ಕೂಡಲೇ ಅದು ತನ್ನ ಒಡೆಯರಿಗೆ ಮರಳಿತು. ಸ್ವಂತದ್ದನ್ನು ಮಾಡಿಕೊಳ್ಳುವ ವಿದ್ಯೆ ಬೇಕಿತ್ತು. ಆ ವಿದ್ಯೆಗೆ ಅಕ್ಷರಾಭ್ಯಾಸವಾಗಿ ಬಂದವು ಚಿಕ್ಕ ಉಪಗ್ರಹಗಳು.

ಆಕಾಶದಲ್ಲಿಯೇ ಏಕೆ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ಉಪಗ್ರಹವು ರಾಕೆಟ್ಟಿನ ತುದಿಯಲ್ಲಿ ಕುಳಿತು ಏರುವಾಗ ಭಯಂಕರವಾದ ಅಲುಗಾಟಕ್ಕೆ ಗುರಿಯಾಗುತ್ತದೆ. ಮೇಲೆ ಹೋದ ಬಳಿಕ ಅಲ್ಲಿ ಗಾಳಿಯಿಲ್ಲ. ಆದುದರಿಂದ ಯಂತ್ರದ ಬಿಸಿಯನ್ನು ಗಾಳಿ ಹೊತ್ತೊಯ್ಯುವಂತಿಲ್ಲ. ಭೂಮಿಯನ್ನು ಸುಮಾರು ಒಂದೂವರೆ ಗಂಟೆಗೊಮ್ಮೆ ಸುತ್ತುವಾಗ ಅದು ಬಿಸಿಲಿನಿಂದ ನೆರಳಿಗೂ ನೆರಳಿನಿಂದ ಬಿಸಿಲಿಗೂ ಹಾಯುತ್ತದೆ. ಒಮ್ಮೆ ಕಾಯುತ್ತದೆ, ಒಮ್ಮೆ ಹೆಪ್ಪುಗಟ್ಟುವ ಚಳಿಗೆ ಸಿಕ್ಕುತ್ತದೆ. ಸೂರ್ಯನಿಂದಲೂ ದೂರದ ಆಕಾಶದಿಂದಲೂ ಬರುವ ತೀಕ್ಷ್ಣ ಕಿರಣಗಳು ಅದರ ಸೂಕ್ಷ್ಮ ಅಂಗಗಳನ್ನು ತಾಕುತ್ತವೆ. ಇವುಗಳನ್ನೆಲ್ಲ ನೆಲದ ಮೇಲಿನ ಪ್ರಯೋಗಶಾಲೆಯಲ್ಲಿ ಬಿಡಿಬಿಡಿಯಾಗಿ ಅನುಕರಿಸಬಹುದು. ಒಟ್ಟಾಗಿ, ತಿಂಗಳುಗಟ್ಟಲೆ, ಇದ್ದಂತೆಯೇ ಅನುಕರಿಸುವುದು ಕಷ್ಟ. ಇದಲ್ಲದೆ, ಒಮ್ಮೆ ಮೇಲೆ ಹೋದ ಯಂತ್ರಕ್ಕೆ ಕೈ ಹಾಕಿ ತಿದ್ದುವಂತಿಲ್ಲ. ಈಜನ್ನು ದಂಡೆಯ ಮೇಲೆ ಕುಳಿತು ಕಲಿಯಲಾಗದಂತೆ ಉಪಗ್ರಹವಿದ್ಯೆಯನ್ನು ನೆಲದ ಮೇಲಷ್ಟೇ ಕಲಿಯಲಾಗದು.

ಮೊದಲನೆಯ ಉಪಗ್ರಹವನ್ನು ಹಾರಿಸಿಕೊಡಲು ಸೋವಿಯತ್ ದೇಶ ಮುಂದೆ ಬಂದಿತು. 1972ರ ಮೇ ತಿಂಗಳಲ್ಲಿ ಒಪ್ಪಂದವಾಯಿತು. ಅದನ್ನು ನಿರ್ಮಿಸುವ ಹೊಣೆ ಉಡುಪಿಯ ಸಮೀಪದ ಅದಮಾರಿನಲ್ಲಿ ಹುಟ್ಟಿ ಬೆಳೆದ ಪ್ರೊಫೆಸರ್ ಯು.ಆರ್. ರಾವ್ ಅವರದು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೀಟು ಹೊದಿಸಿದ ಶೆಡ್ಡುಗಳಲ್ಲಿ ಕೆಲಸ ಆರಂಭವಾಯಿತು. ಅಲ್ಲಿ ಸೇರಿದ ತರುಣರಲ್ಲಿ ಹೆಚ್ಚಿನವರು ಉಪಗ್ರಹವನ್ನು ಕಣ್ಣಿನಿಂದ ಕಂಡವರೇ ಅಲ್ಲ. ಇಪ್ಪತ್ತಾರು ಮುಖಗಳ, 360 ಕಿಲೋಗ್ರಾಂ ತೂಕದ ಒಂದು ಗೋಳಾಕಾರದ ಯಂತ್ರವನ್ನು ಅವರು ಸುಮಾರು ಮೂರು ವರ್ಷಗಳಲ್ಲಿ ರೂಪಿಸಿದರು. ಯಾವ ಕಡೆಯಿಂದ ಬಿಸಿಲು ಬಿದ್ದರೂ ವಿದ್ಯುತ್ತು ಹುಟ್ಟುವಂತೆ ಅದರ ಮೈತುಂಬ ಸೌರಕೋಶಗಳು. ನೆರಳಿನ ಹೊತ್ತಿಗಾಗಿ ಬ್ಯಾಟರಿಗಳು. ಪ್ರಾಚೀನ ಗಣಿತಜ್ಞನ ನೆನಪಿಗಾಗಿ ಅದಕ್ಕೆ ಆರ್ಯಭಟ ಎಂದು ನಾಮಕರಣವಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ದೇಶದ ಕಪುಸ್ತಿನ್ ಯಾರ್ ಎಂಬ ನೆಲೆಯಿಂದ ಅದು ಏರಿ ಕಕ್ಷೆಯನ್ನು ಸೇರಿತು.

ಹರ್ಷವು ಬಹುಕಾಲ ನಿರಾತಂಕವಾಗಿ ಉಳಿಯಲಿಲ್ಲ. ಆರ್ಯಭಟವು ಕ್ಷ-ಕಿರಣ, ಸೂರ್ಯ ಹಾಗೂ ಮೇಲಣ ವಾಯುಮಂಡಲಗಳನ್ನು ಕುರಿತ ಮೂರು ಪ್ರಯೋಗಗಳನ್ನು ಒಯ್ದಿತ್ತು. ನಾಲ್ಕೈದು ದಿನಗಳಲ್ಲಿಯೇ ವಿದ್ಯುತ್ ಪೂರೈಕೆಯಲ್ಲಿ ದೋಷ ತಲೆದೋರಿ ಆ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಪ್ರಯೋಗಗಳನ್ನಷ್ಟೇ ನೋಡಿದವರಿಗೆ ಇದು ಸೋಲು. ಆದರೆ ಆರ್ಯಭಟದ ಮೂಲ ಉದ್ದೇಶ ಉಪಗ್ರಹವನ್ನು ಕಟ್ಟುವುದು, ಅದನ್ನು ಆಕಾಶದಲ್ಲಿ ನಡೆಸುವುದು, ಅದರೊಡನೆ ಮಾತನಾಡುವುದು ಹೇಗೆಂಬುದನ್ನು ಕಲಿಯುವುದಾಗಿತ್ತು. ಆ ಮೂಲಭಾಗವು ಆರು ತಿಂಗಳು ಬಾಳಲೆಂದು ನಿರ್ಮಿತವಾಗಿದ್ದು, ಇಸ್ರೋದ ದಾಖಲೆಯಂತೆ 1981ರ ಮಾರ್ಚ್‌ವರೆಗೂ ಸಚೇತನವಾಗಿತ್ತು. ಹದಿನೇಳು ವರ್ಷಗಳ ತರುವಾಯ, 1992ರ ಫೆಬ್ರುವರಿಯಲ್ಲಿ, ಅದು ವಾಯುಮಂಡಲವನ್ನು ಹೊಕ್ಕು ಇಲ್ಲವಾಯಿತು. ಪೀಣ್ಯದ ಶೆಡ್ಡುಗಳಲ್ಲಿ ಅಂದು ಕೈ ಪಳಗಿಸಿಕೊಂಡ ತರುಣರೇ ಮುಂದೆ ದೇಶದ ಉಪಗ್ರಹಗಳನ್ನು ಕಟ್ಟಿದರು.

1979ರ ಜೂನ್ 7ರಂದು ಎರಡನೆಯ ಉಪಗ್ರಹ ಭಾಸ್ಕರವು ಅಲ್ಲಿಂದಲೇ ಏರಿತು. ಭೂಮಿಯ ಚಿತ್ರ ತೆಗೆಯಲು ಅದರಲ್ಲಿ ದೂರದರ್ಶನ ಕ್ಯಾಮೆರಾಗಳಿದ್ದವು. ಆದರೆ ತೊಂದರೆಯ ಕಾರಣದಿಂದ ಅವು ಮೊದಲು ಕೆಲಸ ಮಾಡಲಿಲ್ಲ. ವಿಜ್ಞಾನಿಗಳು ಆತುರಪಡದೆ, ಕಾರಣವನ್ನು ಹುಡುಕಿ, ಸುಮಾರು ಒಂದು ವರ್ಷ ಕಾದು ಮತ್ತೆ ಚಾಲನೆ ಕೊಟ್ಟಾಗ ಕ್ಯಾಮೆರಾ ಕಣ್ಣು ತೆರೆಯಿತು. ತಾಳ್ಮೆಯೂ ಒಂದು ತಾಂತ್ರಿಕ ಗುಣವೆಂಬುದಕ್ಕೆ ಇದು ನಿದರ್ಶನ. ಬೆಳೆ, ನೆಲ, ನೀರುಗಳ ಚಿತ್ರ ತೆಗೆಯಲು 1988ರಲ್ಲಿ ಏರಿದ ದೂರಸಂವೇದಿ ಉಪಗ್ರಹಕ್ಕೆ ಭಾಸ್ಕರನ ಅನುಭವವೇ ತಳಹದಿ.

ಅದೇ 1979ರಲ್ಲಿ ಧವನ್ ಅವರ ಬಾಳಿನ ಅತ್ಯಂತ ಕಠಿಣ ದಿನ ಬಂದಿತು. ಉಪಗ್ರಹವನ್ನು ಪರರ ರಾಕೆಟ್ಟಿನ ಮೇಲೆ ಕಳುಹಿಸುವುದು ಒಂದು ಹಂತ. ಸ್ವಂತ ರಾಕೆಟ್ಟಿನಿಂದ ಕಳುಹಿಸುವುದು ಅದಕ್ಕಿಂತ ಬಹಳ ಮೇಲಿನ ಹಂತ. ಆಂಧ್ರದ ಕರಾವಳಿಯ ಶ್ರೀಹರಿಕೋಟಾ ದ್ವೀಪದಲ್ಲಿ ಎಸ್.ಎಲ್.ವಿ.-3 ಎಂಬ ನಾಲ್ಕು ಹಂತಗಳ, 22 ಮೀಟರ್ ಎತ್ತರದ, 17 ಟನ್ ತೂಕದ ರಾಕೆಟ್ ಸಿದ್ಧವಾಗಿತ್ತು. ಅದರ ಯೋಜನಾ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಅದರ ತುದಿಯಲ್ಲಿದ್ದುದು ರೋಹಿಣಿ ಎಂಬ ಹೆಸರಿನ, ಒಂದು ಗೋಧಿ ಚೀಲದಷ್ಟೂ ತೂಗದ ಪುಟ್ಟ ಉಪಗ್ರಹ. ತನ್ನನ್ನು ಹೊತ್ತ ರಾಕೆಟ್ ಹೇಗೆ ನಡೆದುಕೊಂಡಿತೆಂಬುದನ್ನು ಅಳೆದು ತಿಳಿಸುವುದೇ ಅದರ ಕೆಲಸ.

1979ರ ಆಗಸ್ಟ್ 10ರಂದು, ಉಡಾವಣೆಗೆ ಕೆಲವೇ ನಿಮಿಷಗಳಿರುವಾಗ, ಗಣಕಯಂತ್ರವು ದೋಷವನ್ನು ಕಂಡು ಎಣಿಕೆಯನ್ನು ತಡೆಯಿತು. ತಜ್ಞರು ಪರಿಶೀಲಿಸಿ, ಅಪಾಯವಿಲ್ಲವೆಂದು ಅಭಿಪ್ರಾಯ ಕೊಟ್ಟರು. ಕಲಾಂ ಅವರು ಮುಂದುವರಿಯುವ ನಿರ್ಧಾರ ತೆಗೆದುಕೊಂಡರು. ಮೊದಲ ಹಂತ ಸರಿಯಾಗಿ ನಡೆಯಿತು. ಎರಡನೆಯ ಹಂತದಲ್ಲಿ ರಾಕೆಟ್ ದಿಕ್ಕು ತಪ್ಪಿತು. ಅದನ್ನು ಹದದಲ್ಲಿ ಹಿಡಿಯುವ ನಿಯಂತ್ರಣ ವ್ಯವಸ್ಥೆಯ ಕವಾಟವೊಂದರಲ್ಲಿ ದೋಷವುಂಟಾಗಿ ಅದಕ್ಕೆ ಬೇಕಾದ ಆಮ್ಲವು ಮೊದಲೇ ಸೋರಿಹೋಗಿತ್ತು. ನೆಲವನ್ನು ಬಿಟ್ಟ 317 ಸೆಕೆಂಡುಗಳಲ್ಲಿ ರಾಕೆಟ್ ತನ್ನ ಪುಟ್ಟ ರೋಹಿಣಿಯೊಂದಿಗೆ ಬಂಗಾಳ ಕೊಲ್ಲಿಯನ್ನು ಸೇರಿತು. ನೂರಾರು ಜನರ ಏಳು ವರ್ಷಗಳ ದುಡಿಮೆ ನೀರುಪಾಲಾಯಿತು.

ಅಂದು ಪತ್ರಿಕಾ ಪ್ರತಿನಿಧಿಗಳು ಉತ್ತರಕ್ಕಾಗಿ ಕಾದಿದ್ದರು. ನಿರ್ಧಾರ ಯಾರದು, ತಪ್ಪು ಯಾರದು ಎಂದು ಬೆರಳು ಮಾಡಿ ತೋರಿಸುವುದು ಅಧ್ಯಕ್ಷರಿಗೆ ಬಹು ಸುಲಭವಾಗಿತ್ತು. ಕಲಾಂ ಅವರು ಮುಂದೆ ಹಲವು ಸಭೆಗಳಲ್ಲಿ ಕೃತಜ್ಞತೆಯಿಂದ ನೆನೆದಂತೆ, ಧವನ್ ಅವರು ತಾವೇ ಎದ್ದು ಪತ್ರಕರ್ತರ ಮುಂದೆ ನಿಂತರು. ಸಂಸ್ಥೆಯ ಸೋಲನ್ನು ತಮ್ಮ ಸೋಲೆಂದು ಒಪ್ಪಿಕೊಂಡರು. ತಮ್ಮ ಜನರ ಮೇಲೆ ತಮಗೆ ನಂಬಿಕೆಯಿದೆಯೆಂದೂ, ಒಂದು ವರ್ಷದೊಳಗೆ ಅವರು ಗೆಲ್ಲುವರೆಂದೂ ತಿಳಿಸಿದರು. ಕುಗ್ಗಿ ನಿಂತಿದ್ದ ಕಿರಿಯರ ಮೇಲೆ ಒಂದು ಕಟುಮಾತೂ ಬೀಳಗೊಡಲಿಲ್ಲ.

ಆದರೆ ಇದನ್ನು ಕೇವಲ ಮೃದುತ್ವವೆಂದು ತಿಳಿಯಬಾರದು. ಹೊರಗೆ ರಕ್ಷಕರಾಗಿ ನಿಂತ ಅವರು ಒಳಗೆ ಕಟ್ಟುನಿಟ್ಟಿನ ಪರೀಕ್ಷಕರಾಗಿದ್ದರು. ಪ್ರತಿಯೊಂದು ಯೋಜನೆಯನ್ನೂ ಅದರಲ್ಲಿ ತೊಡಗದ ತಜ್ಞರು ವಿಮರ್ಶಿಸಬೇಕು, ಪದವಿಯ ಅಂತರವನ್ನು ಬದಿಗಿಟ್ಟು ಎಲ್ಲರೂ ಬಿಚ್ಚುಮನಸ್ಸಿನಿಂದ ಚರ್ಚಿಸಬೇಕು, ದೋಷವನ್ನು ಮುಚ್ಚಿಡಬಾರದು ಎಂಬ ಪದ್ಧತಿಯನ್ನು ಅವರು ಇಸ್ರೋದಲ್ಲಿ ನೆಲೆಗೊಳಿಸಿದರು. ಸೋಲಿನ ಕಾರಣವನ್ನು ಕವಾಟ ಕವಾಟವಾಗಿ, ತಂತಿ ತಂತಿಯಾಗಿ ಶೋಧಿಸಲಾಯಿತು. ಶಿಕ್ಷೆಯ ಭಯವಿದ್ದಲ್ಲಿ ತಪ್ಪು ಅಡಗುತ್ತದೆ. ಅಡಗಿದ ತಪ್ಪು ಮತ್ತೊಮ್ಮೆ ತಲೆಯೆತ್ತುತ್ತದೆ. ಭಯವಿಲ್ಲದಲ್ಲಿ ತಪ್ಪು ತಾನಾಗಿ ಹೊರಬಂದು ತಿದ್ದಿಕೊಳ್ಳುತ್ತದೆ. ಧವನ್ ಅವರ ಕ್ಷಮೆಯಲ್ಲಿ ಈ ವಿವೇಕ ಅಡಗಿತ್ತು.

ವರ್ಷ ತುಂಬುವ ಮೊದಲೇ, 1980ರ ಜುಲೈ 18ರಂದು, ಎಸ್.ಎಲ್.ವಿ.-3 ಮತ್ತೆ ಏರಿತು. ಈ ಸಲ ನಾಲ್ಕು ಹಂತಗಳೂ ತಮ್ಮ ತಮ್ಮ ಕೆಲಸವನ್ನು ಮಾಡಿದವು. 35 ಕಿಲೋಗ್ರಾಂ ತೂಕದ ರೋಹಿಣಿ ಕಕ್ಷೆಯನ್ನು ಸೇರಿ, ರಾಕೆಟ್ಟಿನ ಕೊನೆಯ ಹಂತದ ನಡವಳಿಕೆಯನ್ನು ಅಳೆದು ತಿಳಿಸಿತು. ಸ್ವಂತ ರಾಕೆಟ್ಟಿನಿಂದ ಸ್ವಂತ ಉಪಗ್ರಹವನ್ನು ಕಕ್ಷೆಗೆ ಏರಿಸಿದ ಬೆರಳೆಣಿಕೆಯ ದೇಶಗಳ ಸಾಲಿನಲ್ಲಿ ಭಾರತ ನಿಂತಿತು. ಪತ್ರಕರ್ತರು ಮತ್ತೆ ನೆರೆದರು. ಈ ಸಲ ಧವನ್ ಅವರು ಹಿಂದೆ ಸರಿದು, ಕಲಾಂ ಅವರನ್ನು ಮುಂದೆ ಮಾಡಿ, ಅವರಿಂದಲೇ ಸಭೆಯನ್ನು ನಡೆಸಿಸಿದರು. ಸೋತ ದಿನ ಮುಂದೆ ಬಂದವರು ಗೆದ್ದ ದಿನ ಹಿಂದೆ ನಿಂತರು. ಆ ತರುಣ ವಿಜ್ಞಾನಿ ಮುಂದೆ 2002ರಲ್ಲಿ ದೇಶದ ರಾಷ್ಟ್ರಪತಿಯಾದ ಮೇಲೆಯೂ ಈ ಎರಡು ದಿನಗಳ ಪಾಠವನ್ನು ಮಕ್ಕಳಿಗೆ ಹೇಳುತ್ತಿದ್ದರು.

ಗೆಲವು ಬಂದ ಮೇಲೆ ಸೋಲು ಶಾಶ್ವತವಾಗಿ ದೂರವಾಯಿತೆಂದಲ್ಲ. 1981ರ ಮೇ 31ರಂದು ಏರಿದ 38 ಕಿಲೋಗ್ರಾಂ ತೂಕದ ರೋಹಿಣಿಯು ಉದ್ದೇಶಿಸಿದ ಎತ್ತರವನ್ನು ಮುಟ್ಟದೆ, ಒಂಬತ್ತು ದಿನಗಳಲ್ಲಿಯೇ ವಾಯುಮಂಡಲದಲ್ಲಿ ಲಯವಾಯಿತು. ಮತ್ತೆ ಶೋಧನೆ, ಮತ್ತೆ ತಿದ್ದುಪಡಿ. 1983ರ ಏಪ್ರಿಲ್ 17ರಂದು ಏರಿದ 41.5 ಕಿಲೋಗ್ರಾಂ ತೂಕದ ಇನ್ನೊಂದು ರೋಹಿಣಿಯು ತನ್ನ ಹೊಸ ಬಗೆಯ ಕ್ಯಾಮೆರಾದಿಂದ 2500ಕ್ಕೂ ಹೆಚ್ಚು ಚಿತ್ರಗಳನ್ನು ಕಳುಹಿಸಿತು. ಒಂದು ಮಗು ಬಿದ್ದು ಎದ್ದು ನಡೆ ಕಲಿತಂತೆ ಈ ವಿದ್ಯೆ ಬೆಳೆಯಿತು.

ಇದೇ ಕಾಲದ ಇನ್ನೊಂದು ಪ್ರಸಂಗ ಹಳ್ಳಿಯ ಮಕ್ಕಳಿಗೆ ಬಹು ಪ್ರಿಯವಾಗತಕ್ಕದ್ದು. ಬಹು ಎತ್ತರದಲ್ಲಿ, ಭೂಮಿಯ ಒಂದೇ ಭಾಗದ ಮೇಲೆ ನಿಂತಂತೆ ಕಾಣುವ ಸಂಪರ್ಕ ಉಪಗ್ರಹಗಳನ್ನು ಮಾಡಲು ಕಲಿಯುವುದಕ್ಕಾಗಿ ಆಪಲ್ ಎಂಬ 670 ಕಿಲೋಗ್ರಾಂ ತೂಕದ ಪ್ರಾಯೋಗಿಕ ಉಪಗ್ರಹವನ್ನು ಬೆಂಗಳೂರಿನಲ್ಲಿಯೇ ನಿರ್ಮಿಸಲಾಯಿತು. ಅದರ ರೇಡಿಯೋ ಸಂಪರ್ಕವನ್ನು ಬಯಲಿನಲ್ಲಿ ಪರೀಕ್ಷಿಸಬೇಕಾಗಿತ್ತು. ಕಬ್ಬಿಣದ ಲಾರಿಯ ಮೇಲಿಟ್ಟರೆ ಲೋಹದಿಂದ ರೇಡಿಯೋ ಅಲೆಗಳ ಅಳತೆ ಕೆಡುತ್ತದೆ. ಆಗ ವಿಜ್ಞಾನಿಗಳಿಗೆ ನೆನಪಾದದ್ದು ಕಟ್ಟಿಗೆಯ ಎತ್ತಿನ ಬಂಡಿ. ಬಂಡಿಯ ಮೇಲೆ ಕುಳಿತ ಉಪಗ್ರಹದ ಛಾಯಾಚಿತ್ರವನ್ನು ಕಂಡು ಬಡತನವೆಂದು ಮರುಗಿದವರೂ ಇದ್ದಾರೆ, ನಕ್ಕವರೂ ಇದ್ದಾರೆ. ಆದರೆ ಅದು ಬಡತನದ ಚಿತ್ರವಲ್ಲ. ಬೇಕಾದ ಗುಣವಿರುವ ವಸ್ತುವನ್ನು ನಾಚಿಕೆಯಿಲ್ಲದೆ ಬಳಸಿಕೊಂಡ ಬುದ್ಧಿಯ ಚಿತ್ರ. ಆಪಲ್ ಉಪಗ್ರಹವು 1981ರ ಜೂನ್ 19ರಂದು ಯುರೋಪಿನ ಏರಿಯನ್ ರಾಕೆಟ್ಟಿನ ಮೇಲೆ ದಕ್ಷಿಣ ಅಮೆರಿಕದ ಕುರೂ ನೆಲೆಯಿಂದ ಏರಿತು. ಆ ರಾಕೆಟ್ಟೂ ಆಗ ಪರೀಕ್ಷೆಯ ಹಂತದಲ್ಲಿಯೇ ಇತ್ತು. ಮೇಲೆ ಹೋದ ಬಳಿಕ ಎರಡು ಸೌರಫಲಕಗಳಲ್ಲಿ ಒಂದು ತೆರೆದುಕೊಳ್ಳಲಿಲ್ಲ. ಒಂಟಿ ರೆಕ್ಕೆಯ ಆ ಹಕ್ಕಿಯನ್ನು ಇಸ್ರೋದ ತರುಣರು ಎರಡು ವರ್ಷಕ್ಕೂ ಮೇಲ್ಪಟ್ಟು ಜಾಣ್ಮೆಯಿಂದ ನಡೆಸಿದರು. ಸಂಪರ್ಕ ಉಪಗ್ರಹಗಳ ಎರಡನೆಯ ಪೀಳಿಗೆಯನ್ನು ಭಾರತವು ತಾನೇ ನಿರ್ಮಿಸುವಂತಾದುದು ಇಂತಹ ಶಿಕ್ಷಣದಿಂದ.

1984ರಲ್ಲಿ ಧವನ್ ಅವರು ಅಧ್ಯಕ್ಷ ಸ್ಥಾನವನ್ನು ಯು.ಆರ್. ರಾವ್ ಅವರಿಗೆ ಒಪ್ಪಿಸಿದರು. ಹನ್ನೆರಡು ವರ್ಷಗಳಲ್ಲಿ ಒಂದು ಚದುರಿದ ಪ್ರಯತ್ನವನ್ನು ದೃಢವಾದ ಸಂಸ್ಥೆಯನ್ನಾಗಿ ಮಾಡಿದ್ದರು. 1981ರಲ್ಲಿ ಸರಕಾರ ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತ್ತು. ಬಿಡುವು ದೊರೆತ ಮೇಲೆ ಅವರ ಮನಸ್ಸು ಹಕ್ಕಿಗಳ ಕಡೆಗೆ ಹರಿಯಿತು. ಶ್ರೀಹರಿಕೋಟಾ ದ್ವೀಪವನ್ನು ಬಳಸಿರುವ ಪುಲಿಕಾಟ್ ಸರೋವರವು ರಾಜಹಂಸ ಮೊದಲಾದ ನೀರುಹಕ್ಕಿಗಳ ಬೀಡು. ರಾಕೆಟ್ಟುಗಳನ್ನು ಹಾರಿಸಿದ ಆ ವಿಜ್ಞಾನಿ ಹಕ್ಕಿಯು ಹೇಗೆ ಹಾರುತ್ತದೆಂಬುದನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿ ಒಂದು ಪ್ರಬಂಧವನ್ನು ರಚಿಸಿದರು. ಯಂತ್ರದ ಹಾರಾಟವನ್ನು ಕಲಿಸಿದವರು ಕೊನೆಯಲ್ಲಿ ನಿಸರ್ಗದ ಹಾರಾಟದ ಮುಂದೆ ವಿದ್ಯಾರ್ಥಿಯಾಗಿ ಕುಳಿತರು.

2002ರ ಜನವರಿ 3ರಂದು ಬೆಂಗಳೂರಿನಲ್ಲಿ ಅವರು ದೇಹವನ್ನು ಬಿಟ್ಟರು. ಅದೇ ವರ್ಷದ ಸಪ್ಟೆಂಬರಿನಲ್ಲಿ ಶ್ರೀಹರಿಕೋಟಾ ಕೇಂದ್ರಕ್ಕೆ ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರವೆಂದು ನಾಮಕರಣ ಮಾಡಲಾಯಿತು. ಯಾವ ನೆಲದಲ್ಲಿ ಅವರು ಸೋಲನ್ನು ತಲೆಯ ಮೇಲೆ ಹೊತ್ತರೋ ಆ ನೆಲವೇ ಅವರ ಹೆಸರನ್ನು ಹೊತ್ತುಕೊಂಡಿತು.

ಅವರು ಹಾಕಿಕೊಟ್ಟ ದಾರಿ ನಿಂತಿಲ್ಲ. 2010ರ ಜುಲೈ 12ರಂದು ಬೆಂಗಳೂರು ಹಾಗೂ ಹೈದರಾಬಾದಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋಗ್ರಾಂ ಸಹ ತೂಗದ ಸ್ಟಡ್‌ಸ್ಯಾಟ್ ಎಂಬ ಉಪಗ್ರಹ ಅಲ್ಲಿಂದಲೇ ಏರಿತು. 2016ರಲ್ಲಿ ಬೆಂಗಳೂರಿನ ಪಿ.ಇ.ಎಸ್. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪೈಸ್ಯಾಟ್ ಏರಿತು. ಚಿಕ್ಕ ಉಪಗ್ರಹಗಳಿಗಾಗಿಯೇ ರೂಪಿಸಿದ ಹೊಸ ರಾಕೆಟ್ 2022ರ ಆಗಸ್ಟ್ 7ರಂದು ತನ್ನ ಮೊದಲ ಹಾರಾಟದಲ್ಲಿ ಸೋತು, 2023ರ ಫೆಬ್ರುವರಿ 10ರಂದು ಎರಡನೆಯ ಹಾರಾಟದಲ್ಲಿ ಗೆದ್ದಿತು; ನಲವತ್ತು ವರ್ಷಗಳ ಹಿಂದಿನ ಕಥೆಯೇ ಮರುಕಳಿಸಿದಂತಾಯಿತು. 2024ರ ಡಿಸೆಂಬರ್ 30ರಂದು ಏರಿದ, ತಲಾ 220 ಕಿಲೋಗ್ರಾಂ ತೂಕದ ಎರಡು ಪ್ರಾಯೋಗಿಕ ಉಪಗ್ರಹಗಳು 2025ರ ಜನವರಿ 16ರಂದು ಆಕಾಶದಲ್ಲಿಯೇ ಒಂದನ್ನೊಂದು ಕೂಡಿಕೊಂಡವು. ಮುಂದೆ ಬಾಹ್ಯಾಕಾಶದಲ್ಲಿ ನಿಲ್ದಾಣವನ್ನು ಕಟ್ಟಲು ಬೇಕಾಗುವ ವಿದ್ಯೆಯ ಮೂಲೆಯ ಬಿತ್ತನೆ ಇದು.

ಶಾಲೆಯೆಂಬುದೂ ಒಂದು ಪರೀಕ್ಷೆಯ ಹೊಲವೇ. ಇಲ್ಲಿ ಲೆಕ್ಕ ತಪ್ಪಿದ ಹುಡುಗನಿಗೂ, ವೇದಿಕೆಯ ಮೇಲೆ ಮಾತು ಮರೆತ ಹುಡುಗಿಗೂ ಆ ಗಳಿಗೆಯಲ್ಲಿ ಇಡೀ ಬಾಳೇ ಸಮುದ್ರದ ಪಾಲಾದಂತೆ ತೋರುವುದುಂಟು. ಆಗ ಪಕ್ಕದಲ್ಲಿ ಎದ್ದು ನಿಲ್ಲುವ ಗುರು, ತಪ್ಪನ್ನು ಮುಚ್ಚದೆ, ತಪ್ಪು ಮಾಡಿದವರನ್ನು ಕೈಬಿಡದೆ, ಕಾರಣವನ್ನು ಕೂಡಿ ಹುಡುಕುವ ಹಿರಿಯರು ಇದ್ದರೆ ಸಾಕು. ಮುಂದಿನ ವರ್ಷ ರೋಹಿಣಿ ಏರಿಯೇ ಏರುತ್ತದೆ. ಕಲ್ಲೋಳಿಯ ಸಂಜೆಯ ಆಕಾಶದಲ್ಲಿ ಸರಿದುಹೋಗುವ ಚುಕ್ಕೆಯನ್ನು ಕಂಡಾಗ ವಿದ್ಯಾರ್ಥಿಗಳು ಅದನ್ನು ನಿರ್ಮಿಸಿದವರ ಜಾಣ್ಮೆಯನ್ನು ನೆನೆಯಲಿ. ಅದರೊಡನೆ, ಅದಕ್ಕಿಂತ ಮೊದಲು ಏರಲಾರದೆ ಬಿದ್ದವುಗಳನ್ನೂ, ಆ ಬಿದ್ದವುಗಳ ಹೊರೆಯನ್ನು ತಮ್ಮ ಹೆಗಲಿಗೆ ತೆಗೆದುಕೊಂಡ ಮಹಾಗುರುವನ್ನೂ ನೆನೆಯಲಿ.